ಉಪ್ಪು ನೀರಿನ ಊರಲ್ಲಿ ಬಿಳಿ ಕಪಾಟು: ಒರೆಸುವುದು ಹೇಗೆ, ಕಾಪಾಡುವುದು ಹೇಗೆ

ಕೋಲಾರದ ನಮ್ಮ ಮನೆಯಲ್ಲಿ ಮಲಗುವ ಕೋಣೆಗೆ ಬಿಳಿ ಸನ್‌ಮೈಕದ ವಾರ್ಡ್‌ರೋಬ್ ಮಾಡಿಸಿದಾಗ ನನಗೆ ತುಂಬಾ ಖುಷಿಯಾಗಿತ್ತು. ಚಿಕ್ಕ ಕೋಣೆ ದೊಡ್ಡದಾಗಿ ಕಾಣುತ್ತಿತ್ತು. ಅದು ಹಾಗೇ ಇರಲಿ ಅಂತ ಪ್ರತಿ ಭಾನುವಾರ ಬಕೆಟ್ ತುಂಬಾ ನೀರು, ಸೋಪು, ಒದ್ದೆ ಬಟ್ಟೆ ಹಿಡಿದು ಒರೆಸುತ್ತಿದ್ದೆ. ಎರಡು ವರ್ಷ ಕಳೆಯುವಷ್ಟರಲ್ಲಿ ಅದು ಸುಣ್ಣ ಬಳಿದ ಗೋಡೆಯ ಹಾಗೆ ಮಂಕಾಯಿತು. ಸಂಜೆ ಬಿಸಿಲು ಓರೆಯಾಗಿ ಬಿದ್ದರೆ ಮೇಲಿಂದ ಕೆಳಗೆ ನೀರು ಇಳಿದ ಗೆರೆಗಳು ಎದ್ದು ಕಾಣುತ್ತಿದ್ದವು.

ಬಾಗಿಲಿನ ಹಿಂಜ್ ಸರಿ ಮಾಡಲು ಬಂದ ಕಾರ್ಪೆಂಟರ್ ಆ ಗೆರೆಯ ಮೇಲೆ ಉಗುರಿನಿಂದ ಕೆರೆದು ಬೆರಳು ತೋರಿಸಿದ. ತುದಿಯಲ್ಲಿ ಬಿಳಿ ಪುಡಿ. "ಇದು ಕೊಳೆ ಅಲ್ಲಕ್ಕ, ನಿಮ್ಮ ಬೋರ್ ನೀರಿನ ಉಪ್ಪು. ನೀವು ಒರೆಸಿ ಒರೆಸಿ ಹಚ್ಚಿದ್ದೀರ" ಎಂದ.

ಅವತ್ತಿನಿಂದ ನಾನು ಒರೆಸುವ ರೀತಿಯೇ ಬದಲಾಯಿತು. ಬಿಳಿ ಸಾಮಾನು ನೋಡಿಕೊಳ್ಳುವ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಒಳ್ಳೆ ನೀರಿರುವ ಊರಿನವರು ಹೇಳಿದ್ದು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ನಾವು ಬಳಸುವುದು ನೂರಾರು ಅಡಿ ಕೆಳಗಿನ ಬೋರ್‌ವೆಲ್ ನೀರು. ಇಲ್ಲಿ ಮೊದಲು ನೀರಿನ ಲೆಕ್ಕ ನೋಡಬೇಕು, ಆಮೇಲೆ ಕಲೆಯ ಲೆಕ್ಕ.

ನೀರಿನ ವಿಷಯ ಮೊದಲು

ಗಡಸು ನೀರು ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಜಾಸ್ತಿ ಇರುವ ನೀರು. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಇಲ್ಲವೇ ಇಲ್ಲ ಅಂದರೆ 600ರವರೆಗೆ ಒಪ್ಪಬಹುದು. ಆ 600ರ ಲೆಕ್ಕವನ್ನೇ ಹಿಡಿಯಿರಿ. ಹತ್ತು ಲೀಟರ್ ಬಕೆಟ್‌ನಲ್ಲಿ 6 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚ ಪುಡಿ ಕರಗಿರುತ್ತದೆ. ಬಟ್ಟೆಯಿಂದ ಇಳಿದ ನೀರು ಆರಿ ಹೋಗುತ್ತದೆ, ಪುಡಿ ಬಾಗಿಲ ಮೇಲೇ ಉಳಿಯುತ್ತದೆ. ಸ್ಟೀಲ್ ಬಿಂದಿಗೆಯ ಒಳಗೆ, ಗೀಸರ್ ಕಾಯಿಲ್ ಮೇಲೆ ಕಟ್ಟುವುದೂ ಇದೇ.

ಇದರ ಜೊತೆ ಸೋಪು ಸೇರಿದರೆ ಇನ್ನೂ ಕಷ್ಟ. ಬಟ್ಟೆ ಸೋಪು, ಮೈ ಸೋಪು ಗಡಸು ನೀರಲ್ಲಿ ನೊರೆ ಬರುವುದಿಲ್ಲ, ಅಲ್ವಾ? ಸೋಪು ಆ ಲವಣದ ಜೊತೆ ಸೇರಿ ನೀರಲ್ಲಿ ಕರಗದ ಜಿಗುಟು ಆಗುತ್ತದೆ. ಅದು ಬಿಳಿ ಮೈ ಮೇಲೆ ತೆಳ್ಳಗೆ ಕೂತು ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಬಿಲ್ಲೆ ಸೋಪು ಬೇಡ. ಪಾತ್ರೆ ತೊಳೆಯುವ ಲಿಕ್ವಿಡ್ ಈ ರೀತಿ ಜಿಗುಟು ಕಟ್ಟುವುದಿಲ್ಲ. ಅದೇ ಸಾಕು.

ಒರೆಸಲು ಯಾವ ನೀರು? ನಾಣ್ಯ ಹಾಕಿ ತರುವ ಶುದ್ಧ ನೀರಿನ ಕ್ಯಾನ್‌ನಿಂದ ಒಂದು ಲೀಟರ್ ತೆಗೆದಿಟ್ಟರೆ ಇಡೀ ಮನೆಯ ಬಿಳಿ ಸಾಮಾನು ಒರೆಸಬಹುದು. ಮಳೆಗಾಲದಲ್ಲಿ ತಾರಸಿಯಿಂದ ಬರುವ ಮಳೆ ನೀರನ್ನು ಸೋಸಿ ಇಟ್ಟುಕೊಳ್ಳಿ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಮಿಕ್ಕಿದ್ದರೆ ಅದೂ ಆಗುತ್ತದೆ. ಮನೆಯಲ್ಲಿ ಆರ್‌ಓ ಫಿಲ್ಟರ್ ಇರುವವರು ಒಂದು ತಪ್ಪು ಮಾಡುತ್ತಾರೆ. ಪಕ್ಕದ ಪೈಪಿನಿಂದ ಹೊರಗೆ ಬರುವ ವೇಸ್ಟ್ ನೀರನ್ನು ಹಿಡಿದು ಒರೆಸಲು ಬಳಸುತ್ತಾರೆ. ನೀರು ಉಳಿಸುವ ಮನಸ್ಸು ಒಳ್ಳೆಯದೇ. ಆದರೆ ಫಿಲ್ಟರ್ ತೆಗೆದ ಉಪ್ಪೆಲ್ಲ ಆ ನೀರಲ್ಲೇ ಇರುತ್ತದೆ. ಅದು ನಲ್ಲಿ ನೀರಿಗಿಂತ ಗಡಸು. ಅದನ್ನು ಬಾತ್‌ರೂಮಿಗೆ ಸುರಿಯಿರಿ, ಬಿಳಿ ಕಪಾಟಿಗೆ ಬೇಡ.

ಇದು ಯಾವ ಬಿಳಿ ಅಂತ ಗುರುತಿಸಿ

ಎಲ್ಲ ಬಿಳಿಯೂ ಕಣ್ಣಿಗೆ ಒಂದೇ ತರ ಕಾಣುತ್ತದೆ. ಮೇಲಿನ ಪದರ ಬೇರೆ ಬೇರೆ ಇರುತ್ತದೆ. ಒಂದಕ್ಕೆ ಒಗ್ಗುವ ಔಷಧಿ ಇನ್ನೊಂದನ್ನು ಹಾಳು ಮಾಡುತ್ತದೆ. ಬಾಗಿಲು ತೆಗೆದು ಅಂಚು ನೋಡಿದರೆ ಸುಮಾರಾಗಿ ಗೊತ್ತಾಗುತ್ತದೆ.

ಅಂಚಿನಲ್ಲಿ ಕೂದಲೆಳೆಯಷ್ಟು ಕಂದು ಗೆರೆ ಕಂಡರೆ ಅದು ಸನ್‌ಮೈಕ. ಗಟ್ಟಿ ಮೈ, ಹೆಚ್ಚಿನ ಕಲೆ ತಡೆಯುತ್ತದೆ. ಮುಂಭಾಗದ ಹಾಳೆಯೇ ಮಡಚಿಕೊಂಡು ಅಂಚನ್ನೂ ಮುಚ್ಚಿದ್ದರೆ, ನಡುವೆ ಕೊರೆದ ಡಿಸೈನ್ ಇದ್ದರೆ, ಅದು ಮೆಂಬ್ರೇನ್. ಅಡುಗೆಮನೆಯ ಬಾಗಿಲುಗಳಲ್ಲಿ ಇದು ಜಾಸ್ತಿ. ಇದಕ್ಕೆ ಬಿಸಿ ಒಗ್ಗುವುದಿಲ್ಲ. ಕನ್ನಡಿಯ ಹಾಗೆ ಮುಖ ಕಾಣುವಷ್ಟು ಹೊಳೆದರೆ ಅಕ್ರಿಲಿಕ್ ಇರಬಹುದು, ಇಲ್ಲವೇ ಪಿಯು (ಪಾಲಿಯುರೆಥೇನ್) ಪೇಂಟ್. ಕುಂಚದ ಗೆರೆ ಕಂಡರೆ ಎಣ್ಣೆ ಪೇಂಟ್, ಅಂದರೆ ಇನಾಮಲ್. ಅಡುಗೆಮನೆಯ ಮ್ಯಾಗ್ನೆಟ್ ಅಂಟಿಕೊಂಡರೆ ಕಬ್ಬಿಣದ ಬೀರು. ಸಂದೇಹ ಇದ್ದರೆ ಮಾಡಿಸಿದ ಕಾರ್ಪೆಂಟರ್‌ಗೆ ಒಂದು ಫೋನ್ ಮಾಡಿ ಕೇಳಿಬಿಡಿ.

ಒಳಗಿನ ಮರದ ಬಗ್ಗೆಯೂ ತಿಳಿದಿರಲಿ. ರೆಡಿಮೇಡ್ ಟೀವಿ ಯೂನಿಟ್, ಓದುವ ಮೇಜು, ಶೂ ರ‍್ಯಾಕ್‌ಗಳಲ್ಲಿ ಹೆಚ್ಚಿನವು ಪಾರ್ಟಿಕಲ್ ಬೋರ್ಡ್. ಮರದ ಪುಡಿಯನ್ನು ಅಂಟು ಹಾಕಿ ಒತ್ತಿದ್ದು. ಅಂಚಿನ ಪಟ್ಟಿ ಬಿಟ್ಟ ಜಾಗದಿಂದ ನೀರು ಒಳಗೆ ಹೋದರೆ ರೊಟ್ಟಿಯ ಹಾಗೆ ಊದುತ್ತದೆ. ಊದಿದ್ದು ಮತ್ತೆ ಇಳಿಯುವುದಿಲ್ಲ. ನೆಲ ಸಾರಿಸುವಾಗ ಮಾಪ್ ತಗಲುವ ಕೆಳಗಿನ ಒಂದಿಂಚು ಜಾಗ ಮೊದಲು ಹಾಳಾಗುವುದು ಇದಕ್ಕೇ. ಪಟ್ಟಿ ಎದ್ದಿದ್ದು ಕಂಡ ದಿನವೇ ಫೆವಿಕಾಲ್‌ನಂಥ ಅಂಟು ಹಾಕಿ, ಟೇಪ್ ಸುತ್ತಿ, ರಾತ್ರಿಯಿಡೀ ಬಿಡಿ.

ವಾರಕ್ಕೊಮ್ಮೆ ಮಾಡುವ ಕೆಲಸ

ಬೇಕಾಗುವುದು ಇಷ್ಟೇ. ಮೂರು ಬಟ್ಟೆ, ಒಂದು ಮೆತ್ತನೆ ಬ್ರಷ್, ಒಂದು ಮಗ್ ಒಳ್ಳೆ ನೀರು, ಕೆಲವು ಹನಿ ಪಾತ್ರೆ ಲಿಕ್ವಿಡ್. ಬಟ್ಟೆ ಮೈಕ್ರೋಫೈಬರ್ ಆದರೆ ಒಳ್ಳೆಯದು. ಒಗೆದು ಒಗೆದು ಮೆತ್ತಗಾದ ಬಿಳಿ ಬನಿಯನ್ ಕೂಡ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಬಣ್ಣದ ಹಳೇ ನೈಟಿ ಬಟ್ಟೆ ಬೇಡ, ಬಣ್ಣ ಬಿಡುತ್ತದೆ.

ಹೆಜ್ಜೆ 1. ಒಣ ಧೂಳು ತೆಗೆಯಿರಿ. ಈ ಹೆಜ್ಜೆಯನ್ನು ಯಾವತ್ತೂ ಬಿಡಬೇಡಿ. ನಮ್ಮ ಕೆಮ್ಮಣ್ಣಿನ ಧೂಳಿನಲ್ಲಿ ಸಣ್ಣ ಮರಳಿನ ಕಣ ಇರುತ್ತದೆ. ಚಿಕ್ಕಬಳ್ಳಾಪುರದ ಕಡೆ ಕ್ರಷರ್ ಹತ್ತಿರ ಮನೆ ಇರುವವರಿಗೆ ಕಲ್ಲಿನ ಪುಡಿಯೂ ಸೇರುತ್ತದೆ. ಅದರ ಮೇಲೆ ಒದ್ದೆ ಬಟ್ಟೆ ಒತ್ತಿ ಉಜ್ಜಿದರೆ ಉಪ್ಪುಕಾಗದ ಉಜ್ಜಿದ ಹಾಗೆ. ಗೀರು ಕಣ್ಣಿಗೆ ಕಾಣಿಸುವುದಿಲ್ಲ, ಹೊಳಪು ಮಾತ್ರ ಹೋಗುತ್ತದೆ. ಬ್ರಷ್‌ನಿಂದ ಮೇಲಿಂದ ಕೆಳಗೆ ಹಗುರವಾಗಿ ಧೂಳು ಇಳಿಸಿ. ಹ್ಯಾಂಡಲ್ ಸುತ್ತ, ಡಿಸೈನ್ ಸಂದಿಯಲ್ಲಿ ಹಳೇ ಟೂತ್ ಬ್ರಷ್ ಬಳಸಿ.

ಹೆಜ್ಜೆ 2. ಒಂದು ಮಗ್ ನೀರಿಗೆ ನಾಲ್ಕೈದು ಹನಿ ಲಿಕ್ವಿಡ್ ಹಾಕಿ. ನೊರೆ ಎದ್ದು ಕಾಣುವಷ್ಟು ಹಾಕಬೇಡಿ. ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ. ಹಿಂಡಿದ ಬಟ್ಟೆಯಿಂದ ಒಂದು ಹನಿಯೂ ತೊಟ್ಟಿಕ್ಕಬಾರದು.

ಹೆಜ್ಜೆ 3. ಒಂದು ಬಾಗಿಲು ಮುಗಿಸಿ ಇನ್ನೊಂದಕ್ಕೆ ಹೋಗಿ. ಎಲ್ಲ ಬಾಗಿಲಿಗೂ ಲಿಕ್ವಿಡ್ ಬಟ್ಟೆ ಆಡಿಸಿ ಆಮೇಲೆ ವಾಪಸ್ ಬರೋಣ ಅಂದರೆ ಮೊದಲನೆಯದು ಅಷ್ಟರಲ್ಲಿ ಆರಿರುತ್ತದೆ. ಏಪ್ರಿಲ್ ತಿಂಗಳ ಸೆಕೆಯಲ್ಲಂತೂ ಎರಡೇ ನಿಮಿಷ ಸಾಕು.

ಹೆಜ್ಜೆ 4. ಎರಡನೇ ಬಟ್ಟೆಯನ್ನು ಬರೀ ನೀರಲ್ಲಿ ಅದ್ದಿ, ಹಿಂಡಿ, ಲಿಕ್ವಿಡ್ ತೆಗೆಯಿರಿ.

ಹೆಜ್ಜೆ 5. ಕೂಡಲೇ ಒಣ ಬಟ್ಟೆಯಿಂದ ಒರೆಸಿ. ನೀರು ತಾನಾಗಿ ಆರಲು ಬಿಡಬೇಡಿ. ಆರುವ ಮುಂಚೆ ನೀರನ್ನು ಬಟ್ಟೆಯೇ ಎತ್ತಿಕೊಂಡರೆ ಉಪ್ಪೂ ಅದರ ಜೊತೆ ಬರುತ್ತದೆ. ಬೋರ್ ನೀರು ಬಿಟ್ಟು ಬೇರೆ ದಾರಿ ಇಲ್ಲ ಅನ್ನುವವರು ಈ ಒಂದು ಹೆಜ್ಜೆಯನ್ನಾದರೂ ತಪ್ಪಿಸಬೇಡಿ. ಅರ್ಧದಷ್ಟು ತೊಂದರೆ ಇಲ್ಲೇ ಮುಗಿಯುತ್ತದೆ.

ಈಗಾಗಲೇ ಮಂಕಾಗಿರುವ ಸನ್‌ಮೈಕಕ್ಕೆ ಒಂದು ಭಾಗ ಬಿಳಿ ವಿನೆಗರ್, ಮೂರು ಭಾಗ ಒಳ್ಳೆ ನೀರು ಸೇರಿಸಿ. ಬಟ್ಟೆ ಅದ್ದಿ ಹಿಂಡಿ, ಗೆರೆಗಳ ಮೇಲೆ ಎರಡು ನಿಮಿಷ ಒತ್ತಿ ಹಿಡಿಯಿರಿ. ಹುಳಿ ಆ ಪುಡಿಯನ್ನು ಕರಗಿಸುತ್ತದೆ. ಆಮೇಲೆ ಬರೀ ನೀರಿನ ಬಟ್ಟೆ, ಆಮೇಲೆ ಒಣ ಬಟ್ಟೆ. ನನ್ನ ವಾರ್ಡ್‌ರೋಬ್ ಎರಡು ವರ್ಷದ ಉಪ್ಪನ್ನು ಮೂರು ಭಾನುವಾರಕ್ಕೆ ಬಿಟ್ಟಿತು. ಹಿಂಜ್ ಮತ್ತು ಕಬ್ಬಿಣದ ಭಾಗಕ್ಕೆ ವಿನೆಗರ್ ತಗಲಿದರೆ ಕೂಡಲೇ ಒರೆಸಿ. ಬಿಳಿ ಮಾರ್ಬಲ್‌ಗೆ ಮಾತ್ರ ವಿನೆಗರ್, ನಿಂಬೆಹಣ್ಣು ಎರಡೂ ಬೇಡವೇ ಬೇಡ. ಮಾರ್ಬಲ್ ಅನ್ನುವುದೇ ಸುಣ್ಣದ ಕಲ್ಲು. ಹುಳಿ ಅದರ ಮೈಯನ್ನೇ ತಿನ್ನುತ್ತದೆ.

ಅರಿಶಿನ

ನಮ್ಮ ಮನೆಗಳಲ್ಲಿ ಬಿಳಿಗೆ ದೊಡ್ಡ ಪರೀಕ್ಷೆ ಅಂದರೆ ಅರಿಶಿನ. ಸಾರಿನ ಹನಿ, ಒಗ್ಗರಣೆ ಸಿಡಿದಿದ್ದು, ಹಬ್ಬದ ದಿನ ಅರಿಶಿನದ ಕೈ. ಎಲ್ಲವೂ ಕಪಾಟಿನ ಬಾಗಿಲಿಗೇ ಬರುತ್ತವೆ.

ಮೊದಲ ಸಲ ನಾನು ಅದಕ್ಕೆ ಬಟ್ಟೆ ಸೋಪು ಹಚ್ಚಿದೆ. ಹಳದಿ ಕಲೆ ಕಣ್ಣೆದುರೇ ಕೆಂಪಾಯಿತು. ಹೆದರಿ ಸ್ಟೀಲ್ ನಾರಿನಿಂದ ಉಜ್ಜಿದೆ. ಕಲೆ ಸ್ವಲ್ಪ ಉಳಿಯಿತು, ಸುತ್ತಲಿನ ಹೊಳಪು ಪೂರ್ತಿ ಹೋಯಿತು. ಆ ಗುರುತು ಇವತ್ತಿಗೂ ಇದೆ. ಆಗಿದ್ದು ಏನು ಅಂತ ಆಮೇಲೆ ತಿಳಿಯಿತು. ಅರಿಶಿನದ ಬಣ್ಣ ಕುರ್ಕುಮಿನ್ ಅನ್ನುವ ವಸ್ತುವಿನದು. ಕ್ಷಾರ ತಗಲಿದರೆ ಅದು ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಓಕುಳಿ ಮಾಡುವುದು ನಮಗೆ ಗೊತ್ತೇ ಇದೆ, ಅದೇ ಕ್ರಿಯೆ. ಬಟ್ಟೆ ಸೋಪಿನಲ್ಲೂ ಅಡುಗೆ ಸೋಡಾದಲ್ಲೂ ಕ್ಷಾರ ಇದೆ. ಕೆಂಪಾದರೆ ಗಾಬರಿ ಬೇಡ. ಸನ್‌ಮೈಕದ ಮೇಲೆ ಒಂದು ಹನಿ ನಿಂಬೆರಸ ಅಥವಾ ವಿನೆಗರ್ ಹಾಕಿದರೆ ಮತ್ತೆ ಹಳದಿಗೆ ಬರುತ್ತದೆ. ಆಮೇಲೆ ತೆಗೆಯುವ ಕೆಲಸ ಶುರು ಮಾಡಿ.

ಕುರ್ಕುಮಿನ್ ನೀರಲ್ಲಿ ಸರಿಯಾಗಿ ಕರಗುವುದಿಲ್ಲ. ಎಣ್ಣೆಯಲ್ಲಿ, ಸ್ಪಿರಿಟ್‌ನಲ್ಲಿ ಕರಗುತ್ತದೆ. ಅದಕ್ಕೆ ಬರೀ ನೀರಿನಿಂದ ಎಷ್ಟು ಉಜ್ಜಿದರೂ ಉಪಯೋಗ ಇಲ್ಲ. ಸನ್‌ಮೈಕದ ಮೇಲೆ ಹೀಗೆ ಮಾಡಿ. ಗಟ್ಟಿ ಭಾಗ ಇದ್ದರೆ ಮೊದಲು ಚಮಚದಿಂದ ಎತ್ತಿ. ಎಣ್ಣೆ ಜಿಡ್ಡನ್ನು ಪಾತ್ರೆ ಲಿಕ್ವಿಡ್ ನೀರಿನಿಂದ ತೆಗೆಯಿರಿ. ನಂತರ ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್ ಹತ್ತಿಗೆ ಹಾಕಿ ಕಲೆಯ ಮೇಲೆ ಒತ್ತಿ. ಹೊರಗಿನ ಅಂಚಿನಿಂದ ನಡುವಿಗೆ ಬನ್ನಿ. ಹತ್ತಿ ಹಳದಿ ಆದ ಕೂಡಲೇ ಬದಲಾಯಿಸಿ. ಅದೇ ಹತ್ತಿಯಲ್ಲಿ ಉಜ್ಜಿದರೆ ಕಲೆ ಅಗಲವಾಗುತ್ತದೆ, ಅಷ್ಟೇ. ಸ್ಪಿರಿಟ್ ಬೇಗ ಬೆಂಕಿ ಹಿಡಿಯುತ್ತದೆ. ಅಡುಗೆಮನೆಯಲ್ಲಿ ಮಾಡುವಾಗ ಒಲೆ, ದೀಪ ಎರಡೂ ಆರಿಸಿ, ಕಿಟಕಿ ತೆಗೆದಿಡಿ.

ಅಕ್ರಿಲಿಕ್ ಮತ್ತು ಪೇಂಟ್ ಮಾಡಿದ ಮೈಗೆ ಸ್ಪಿರಿಟ್ ಹಾಕಬೇಡಿ. ಅಕ್ರಿಲಿಕ್ ಮೇಲೆ ಸಣ್ಣ ಬಿರುಕು ಬರುತ್ತದೆ. ಪೇಂಟ್ ಮೆತ್ತಗಾಗಿ ಹತ್ತಿಯ ಜೊತೆ ಎದ್ದು ಬರಬಹುದು. ಅಂಥ ಕಡೆ ಹೈಡ್ರೋಜನ್ ಪೆರಾಕ್ಸೈಡ್ ನೋಡಿ. ಮೆಡಿಕಲ್ ಶಾಪಿನಲ್ಲಿ ಸಿಗುವುದು ಸಾಮಾನ್ಯವಾಗಿ 6%. ಅಷ್ಟೇ ನೀರು ಸೇರಿಸಿದರೆ 3% ಆಗುತ್ತದೆ. ಕಾಣದ ಮೂಲೆಯಲ್ಲಿ ಒಂದು ಹನಿ ಹಾಕಿ, ಹತ್ತು ನಿಮಿಷ ನೋಡಿ. ಏನೂ ಆಗದಿದ್ದರೆ ಹತ್ತಿಯಲ್ಲಿ ಅದ್ದಿ ಕಲೆಯ ಮೇಲೆ ಹತ್ತು ಹದಿನೈದು ನಿಮಿಷ ಇಡಿ, ಆಮೇಲೆ ಒರೆಸಿ.

ಎಲ್ಲಕ್ಕಿಂತ ಸುಲಭದ ಔಷಧಿ ಬಿಸಿಲು. ಕುರ್ಕುಮಿನ್ ಬೆಳಕಿಗೆ ನಿಲ್ಲುವುದಿಲ್ಲ. ಬಿಳಿ ಬಟ್ಟೆಯ ಅರಿಶಿನದ ಕಲೆ ಒಣಹಾಕಿದಾಗ ಮಸುಕಾಗುವುದನ್ನು ನೋಡಿರುತ್ತೀರಿ. ಕುರ್ಚಿ, ಸ್ಟೂಲ್, ಕಿತ್ತು ತೆಗೆಯಬಹುದಾದ ಡ್ರಾಯರ್ ಇಂಥವನ್ನು ಒಂದೆರಡು ದಿನ ಬೆಳಗಿನ ಬಿಸಿಲಿಗೆ ಇಟ್ಟರೆ ಉಳಿದ ಹಳದಿಯೂ ಹೋಗುತ್ತದೆ. ಕಿಟಕಿಯ ಎದುರಿನ ಬಾಗಿಲಾದರೆ ಪರದೆ ಸರಿಸಿ ಸುಮ್ನೆ ಬಿಟ್ಟುಬಿಡಿ. ಕೆಲವು ದಿನದಲ್ಲಿ ಬೆಳಕೇ ಆ ಕೆಲಸ ಮಾಡುತ್ತದೆ. ಉಜ್ಜಿ ಮೈ ಕೆಡಿಸಿಕೊಳ್ಳುವುದಕ್ಕಿಂತ ಕಾಯುವುದು ಮೇಲು.

ಆಯುಧ ಪೂಜೆ ಆದ ಮೇಲೆ

ಆಯುಧ ಪೂಜೆಯ ದಿನ ಬೀರು, ಫ್ರಿಜ್ಜು, ಮಿಕ್ಸಿ, ವಾಷಿಂಗ್ ಮಷೀನ್ ಎಲ್ಲದಕ್ಕೂ ಬೊಟ್ಟು ಇಡುತ್ತೇವೆ. ಇಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಇಡುವ ಮುಂಚೆ ಒಂದು ಉಪಾಯ ಮಾಡಿ. ಬೊಟ್ಟಿಡುವ ಜಾಗಕ್ಕೆ ಒಂದು ಬೆರಳಗಲ ಪಾರದರ್ಶಕ ಟೇಪ್ ಅಂಟಿಸಿ, ಅದರ ಮೇಲೆ ಅರಿಶಿನ ಕುಂಕುಮ ಇಡಿ. ಮಾರನೇ ದಿನ ಟೇಪ್ ಎತ್ತಿದರೆ ಆಯಿತು. ನಮ್ಮ ಅತ್ತೆಗೆ ಇದು ಮೊದಲು ಹಿಡಿಸಲಿಲ್ಲ. "ದೇವರಿಗೆ ಇಡೋದರಲ್ಲೂ ಟೇಪಾ?" ಅಂದರು. ಆಮೇಲೆ ಅವರೇ ಗಂಧದ ಬೊಟ್ಟಿನ ದಾರಿ ಹೇಳಿಕೊಟ್ಟರು. ಮೊದಲು ದಪ್ಪಗೆ ಗಂಧ ತೇದು ಹಚ್ಚಿ, ಅದು ಆರಿದ ಮೇಲೆ ನಡುವೆ ಚಿಟಿಕೆ ಕುಂಕುಮ. ಗಂಧ ಒಣಗಿ ಉದುರುವಾಗ ಕುಂಕುಮವೂ ಅದರ ಜೊತೆ ಉದುರುತ್ತದೆ. ಈಗ ನಮ್ಮ ಮನೆಯಲ್ಲಿ ಅದೇ ನಡೆಯುತ್ತಿದೆ.

ಒಣ ಕುಂಕುಮ ಬಿದ್ದಿದ್ದರೆ ಒದ್ದೆ ಬಟ್ಟೆ ತಗಲಿಸಬೇಡಿ. ಅಂಗಡಿ ಕುಂಕುಮದಲ್ಲಿ ಸಾಮಾನ್ಯವಾಗಿ ಬಣ್ಣ ಬೆರೆತಿರುತ್ತದೆ, ನೀರು ಬಿದ್ದರೆ ಹರಡುತ್ತದೆ. ಮೊದಲು ಊದಿ, ಬ್ರಷ್ ಆಡಿಸಿ. ಉಳಿದಿದ್ದನ್ನು ಸನ್‌ಮೈಕದ ಮೇಲಾದರೆ ಟೇಪ್ ಅಂಟಿಸಿ ಎತ್ತಿ. ಕೊನೆಗೆ ಹಿಂಡಿದ ಬಟ್ಟೆ.

ಬಿಳಿ ದೇವರ ಮಂಟಪದ ಮೇಲ್ಭಾಗದಲ್ಲಿ ಕೂರುವ ದೀಪದ ಮಸಿ, ಊದಿನಕಡ್ಡಿಯ ಹೊಗೆಗೂ ಇದೇ ಕ್ರಮ. ಮಸಿಯನ್ನು ಮೊದಲು ಒಣಗಿದ ಮೆತ್ತನೆ ಬ್ರಷ್‌ನಿಂದಲೇ ಇಳಿಸಬೇಕು. ನೀರು ತಗಲಿದರೆ ಕಾಡಿಗೆಯ ಹಾಗೆ ಮೆತ್ತಿಕೊಳ್ಳುತ್ತದೆ. ದೀಪವನ್ನು ನಾಲ್ಕು ಬೆರಳು ಮುಂದಕ್ಕೆ ಇಟ್ಟರೆ, ಬತ್ತಿಯನ್ನು ಚಿಕ್ಕದಾಗಿ ಉರಿಸಿದರೆ ಮಸಿಯೇ ಕಮ್ಮಿಯಾಗುತ್ತದೆ. ಮಂಟಪ ಮಾರ್ಬಲ್‌ದಾಗಿದ್ದು ಎಣ್ಣೆ, ಅರಿಶಿನ ಒಳಗೆ ಇಳಿದಿದ್ದರೆ 3% ಪೆರಾಕ್ಸೈಡ್‌ಗೆ ಮೈದಾ ಹಿಟ್ಟು ಕಲಸಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಬಳಿಯಿರಿ. ಮೇಲೆ ಪ್ಲಾಸ್ಟಿಕ್ ಕವರ್ ಮುಚ್ಚಿ ರಾತ್ರಿ ಬಿಡಿ. ಬೆಳಗ್ಗೆ ಹೆರೆದು ತೆಗೆದು ಒರೆಸಿ. ಒಂದು ಸಲಕ್ಕೆ ಹೋಗದಿದ್ದರೆ ಇನ್ನೊಂದು ಸಲ.

ಜಿಡ್ಡು, ಸೊನೆ, ಮೇಣ

ಅಡುಗೆಮನೆಯಲ್ಲಿ ಒಲೆಯ ಮೇಲಿನ ಬಾಗಿಲು ಅಂಟಂಟಾಗುತ್ತದೆ. ಎಣ್ಣೆಯ ಆವಿ ತಣ್ಣಗಾಗಿ ಅಲ್ಲಿ ಕೂರುತ್ತದೆ, ಧೂಳು ಅದರ ಮೇಲೆ ಕೂರುತ್ತದೆ. ಉಗುರು ಬೆಚ್ಚಗಿನ ನೀರು, ಪಾತ್ರೆ ಲಿಕ್ವಿಡ್ ಸಾಕು. ಬಟ್ಟೆಯನ್ನು ಐದು ನಿಮಿಷ ಅಲ್ಲೇ ಅಂಟಿಸಿ ಬಿಟ್ಟು ಜಿಡ್ಡು ಮೆತ್ತಗಾದ ಮೇಲೆ ಒರೆಸಿ. ಮೆಂಬ್ರೇನ್ ಬಾಗಿಲಿನ ಕೆಳಗೆ ಇಡ್ಲಿ ಪಾತ್ರೆ, ಕುಕ್ಕರ್ ಇಡಬೇಡಿ. ದಿನಾ ಹಬೆ ಬಡಿದರೆ ಮೂಲೆಯಲ್ಲಿ ಹಾಳೆ ಬಿಟ್ಟುಕೊಳ್ಳುತ್ತದೆ.

ಮಂಚದ ತಲೆಯ ಹಲಗೆಯ ಮೇಲೆ ಕಂದು ಬಣ್ಣದ ಗುಂಡನೆ ಕಲೆ ಕೂತಿದ್ದರೆ ಅದು ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ. ಸನ್‌ಮೈಕ ಆದರೆ ಲಿಕ್ವಿಡ್‌ಗೆ ಹೋಗುತ್ತದೆ. ಬಿಳಿ ರೆಕ್ಸಿನ್ ಆದರೆ ಮೊದಲು ಟಾಲ್ಕಂ ಪೌಡರ್ ಉದುರಿಸಿ ಒಂದು ಗಂಟೆ ಬಿಡಿ, ಎಣ್ಣೆ ಹೀರುತ್ತದೆ. ನಂತರ ಲಿಕ್ವಿಡ್ ನೀರಿನ ಬಟ್ಟೆ. ರೆಕ್ಸಿನ್‌ಗೆ ಸ್ಪಿರಿಟ್ ಹಾಕಿದರೆ ಒಣಗಿ ಸೀಳುತ್ತದೆ. ಆ ಜಾಗಕ್ಕೆ ಒಂದು ಟವೆಲ್ ಹೊದಿಸಿಬಿಡುವುದೇ ಜಾಣತನ.

ಶ್ರೀನಿವಾಸಪುರದ ಕಡೆ ನೆಂಟರಿರುವವರಿಗೆ ಮೇ, ಜೂನ್ ಬಂದರೆ ಮನೆ ತುಂಬಾ ಮಾವು. ಬುಟ್ಟಿಯನ್ನು ನೇರವಾಗಿ ಬಿಳಿ ಮೇಜಿನ ಮೇಲೆ ಇಳಿಸಬೇಡಿ. ತೊಟ್ಟಿನ ಸೊನೆ ಹುಳಿಯೂ ಹೌದು, ಅಂಟೂ ಹೌದು. ಒಣಗಿದರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಬಿದ್ದ ಕೂಡಲೇ ಲಿಕ್ವಿಡ್ ನೀರಿನಿಂದ ಒರೆಸಿದರೆ ಗುರುತೂ ಇರುವುದಿಲ್ಲ. ಹಲಸಿನ ಮೇಣ ಅಂಟಿದರೆ ನೀರು ಮುಟ್ಟಿಸದೆ ಕೊಬ್ಬರಿ ಎಣ್ಣೆ ಹಚ್ಚಿ, ಹತ್ತು ನಿಮಿಷ ಬಿಟ್ಟು ಬಟ್ಟೆಯಿಂದ ಉರುಳಿಸಿ. ಕೈಗೆ ಮಾಡುವುದೂ ಅದನ್ನೇ ಅಲ್ವಾ. ಕೊನೆಗೆ ಎಣ್ಣೆಯ ಜಿಡ್ಡನ್ನು ಲಿಕ್ವಿಡ್‌ನಿಂದ ತೆಗೆಯಿರಿ. ಸ್ಟಿಕ್ಕರ್ ಕಿತ್ತಾಗ ಉಳಿಯುವ ಅಂಟಿಗೂ ಇದೇ ಮದ್ದು.

ಮಕ್ಕಳು ಬಾಲ್ ಪೆನ್ನು, ಮಾರ್ಕರ್‌ನಲ್ಲಿ ಗೀಚಿದ್ದಕ್ಕೆ ಸನ್‌ಮೈಕದ ಮೇಲೆ ಸ್ಪಿರಿಟ್ ಅಥವಾ ಹ್ಯಾಂಡ್ ಸ್ಯಾನಿಟೈಸರ್. ಕ್ರೆಯಾನ್‌ಗೆ ಕೊಬ್ಬರಿ ಎಣ್ಣೆ.

ಹಳದಿಯಾಗುವುದು ಎರಡು ತರ

ಹಳದಿ ತಿರುಗಿದ್ದೆಲ್ಲ ಕೊಳೆ ಅಂದುಕೊಂಡು ಉಜ್ಜುವವರು ತುಂಬಾ ಜನ. ಮೊದಲು ಒಂದು ಚಿಕ್ಕ ಜಾಗ ಲಿಕ್ವಿಡ್‌ನಿಂದ ಒರೆಸಿ ನೋಡಿ. ಅಲ್ಲಿ ಬಿಳಿ ಬಂದರೆ ಕೊಳೆ. ಬರಲಿಲ್ಲ ಅಂದರೆ ಮೇಲಿನ ಪದರವೇ ಬದಲಾಗಿದೆ, ಉಜ್ಜಿ ಪ್ರಯೋಜನ ಇಲ್ಲ.

ಎಣ್ಣೆ ಪೇಂಟ್ ಕತ್ತಲಲ್ಲಿ ಹಳದಿಯಾಗುತ್ತದೆ. ಕೇಳಲು ವಿಚಿತ್ರ ಅನ್ನಿಸಬಹುದು. ಹಳೇ ಬಿಳಿ ಬಾಗಿಲಿನ ಮೇಲೆ ತೂಗುಹಾಕಿದ ಕ್ಯಾಲೆಂಡರ್ ತೆಗೆದು ನೋಡಿ, ಅದರ ಹಿಂದಿನ ಚೌಕ ಸುತ್ತಲಿನದಕ್ಕಿಂತ ಹಳದಿ ಇರುತ್ತದೆ. ಕಪಾಟಿನ ಒಳಭಾಗವೂ ಹಾಗೇ. ಇಂಥ ಹಳದಿ ಬೆಳಕಿಗೆ ತೆರೆದಿಟ್ಟರೆ ಕೆಲವು ವಾರದಲ್ಲಿ ಸಾಕಷ್ಟು ಇಳಿಯುತ್ತದೆ.

ಪ್ಲಾಸ್ಟಿಕ್‌ದು ಇದಕ್ಕೆ ಉಲ್ಟಾ. ತಾರಸಿಯ ಮೇಲೆ, ಅಂಗಳದಲ್ಲಿ ಬಿಟ್ಟ ಬಿಳಿ ಕುರ್ಚಿ ಬಿಸಿಲಿಗೆ ಹಾಳಾಗುತ್ತದೆ. ಮೊದಲು ಮೈ ಒರಟಾಗುತ್ತದೆ, ಮುಟ್ಟಿದರೆ ಕೈಗೆ ಸೀಮೆಸುಣ್ಣದ ಹಾಗೆ ಪುಡಿ ಹತ್ತುತ್ತದೆ, ಆಮೇಲೊಂದು ದಿನ ಕೂತವರ ಕೆಳಗೆ ಮುರಿಯುತ್ತದೆ. ಪುಡಿ ಬರುತ್ತಿರುವ ಕುರ್ಚಿಯಲ್ಲಿ ವಯಸ್ಸಾದವರನ್ನು ಕೂರಿಸಬೇಡಿ. ಅರಿಶಿನದ ಕಲೆಗೆ ಒಂದೆರಡು ದಿನ ಬಿಸಿಲಿಗೆ ಇಡುವುದರಿಂದ ಏನೂ ಆಗುವುದಿಲ್ಲ. ವರ್ಷಗಟ್ಟಲೆ ಬಿಡುವುದು ತಪ್ಪು. ಬರೀ ಕೊಳೆ ಹಿಡಿದ ಕುರ್ಚಿಗೆ ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ, ಟೂತ್ ಬ್ರಷ್‌ನಿಂದ ತಿಕ್ಕಿ, ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿಡಿ.

ಇನ್ನೊಂದು ಹಳದಿ ಇದೆ, ಅದು ಯಾವ ಮದ್ದಿಗೂ ಬಗ್ಗುವುದಿಲ್ಲ. ಕಪ್ಪು ರಬ್ಬರ್ ಬುಷ್, ರಬ್ಬರ್ ಮ್ಯಾಟ್ ಬಿಳಿ ಮೈ ಮೇಲೆ ತಿಂಗಳಾನುಗಟ್ಟಲೆ ಇದ್ದರೆ ಅದರೊಳಗಿನ ರಾಸಾಯನಿಕ ಇಳಿದು ಕಂದು ಹಳದಿ ವೃತ್ತ ಉಳಿಯುತ್ತದೆ. ಮಿಕ್ಸಿ, ಸ್ಪೀಕರ್, ಸೆಟ್ ಟಾಪ್ ಬಾಕ್ಸ್ ಕಾಲುಗಳನ್ನು ಇವತ್ತೇ ನೋಡಿ. ಕೆಳಗೆ ಒಂದು ತುಂಡು ಕಾಟನ್ ಬಟ್ಟೆ ಅಥವಾ ಫೆಲ್ಟ್ ಇಡಿ. ಬಿಳಿ ಶೆಲ್ಫಿಗೆ ನ್ಯೂಸ್‌ಪೇಪರ್ ಹಾಸುವ ಅಭ್ಯಾಸವನ್ನೂ ಬಿಡಿ. ತೇವಕ್ಕೆ, ಭಾರಕ್ಕೆ ಅದರ ಇಂಕು ಇಳಿಯುತ್ತದೆ. ನಮ್ಮ ಸ್ಟೋರ್ ಕಪಾಟಿನಲ್ಲಿ ಒಂದು ಮದುವೆ ಸೀರೆ ಜಾಹೀರಾತು ತಲೆಕೆಳಗಾಗಿ ಅಚ್ಚಾಗಿ ಕೂತಿತ್ತು. ಬರೀ ಬಿಳಿ ಹಾಳೆ ಹಾಸಿ.

ಇವು ಬೇಡ

ಬಾತ್‌ರೂಮ್ ಟೈಲ್ಸ್‌ನ ಉಪ್ಪಿಗೆ ತರುವ ಆಸಿಡ್ ಯಾವ ಕಾರಣಕ್ಕೂ ಮರದ ಸಾಮಾನಿನ ಹತ್ತಿರ ಬರಬಾರದು. ಅದರ ಹೊಗೆಗೇ ಹಿಂಜ್ ತುಕ್ಕು ಹಿಡಿಯುತ್ತದೆ. ಬ್ಲೀಚ್ ಮತ್ತು ಆಸಿಡ್ ಒಟ್ಟಿಗೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣಕ್ಕೇ ಅಪಾಯ. ವಿನೆಗರ್ ಕೂಡ ಹುಳಿಯೇ, ಬ್ಲೀಚ್ ಜೊತೆ ಅದೂ ಬೇಡ. ವಿನೆಗರ್, ಪೆರಾಕ್ಸೈಡ್ ಎರಡನ್ನೂ ಒಂದೇ ಬಾಟಲಿಗೆ ಹಾಕಬೇಡಿ. ಥಿನ್ನರ್ ಪೇಂಟನ್ನೂ ಕೆಲವು ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ. ಸ್ಟೀಲ್ ನಾರು, ಹಸಿರು ಸ್ಕ್ರಬ್ಬರ್, ಸಬೀನಾದಂಥ ಪುಡಿ ಪಾತ್ರೆಗೆ ಸರಿ, ಇಲ್ಲಿಗಲ್ಲ. ಮ್ಯಾಜಿಕ್ ಸ್ಪಾಂಜ್ ಅಂತ ಮಾರುವ ಬಿಳಿ ತುಂಡು ಕಲೆಯನ್ನು ಚೆನ್ನಾಗಿ ತೆಗೆಯುತ್ತದೆ, ನಿಜ. ಅದು ತುಂಬಾ ನಯವಾದ ಉಪ್ಪುಕಾಗದದ ಹಾಗೆ ಕೆಲಸ ಮಾಡುತ್ತದೆ. ಮ್ಯಾಟ್ ಸನ್‌ಮೈಕದ ಮೇಲೆ ಅಪರೂಪಕ್ಕೆ ಬಳಸಿ, ಹೊಳೆಯುವ ಮೈಗೆ ಮುಟ್ಟಿಸಬೇಡಿ.

ಒರೆಸಿ ಆಗದಿದ್ದಾಗ

ಕಬ್ಬಿಣದ ಬೀರುವಿನ ಪೇಂಟ್ ಎದ್ದು ತುಕ್ಕು ಕಂಡರೆ ಆ ಜಾಗವನ್ನು ಉಪ್ಪುಕಾಗದದಿಂದ ಉಜ್ಜಿ, ಲೋಹದ ಪ್ರೈಮರ್ ಹಚ್ಚಿ, ಆರಿದ ಮೇಲೆ ಇನಾಮಲ್ ಬಳಿಯಿರಿ. ಪ್ರೈಮರ್ ಇಲ್ಲದೆ ಬಳಿದರೆ ತುಕ್ಕು ಮತ್ತೆ ಮೇಲೆ ಬರುತ್ತದೆ. ಮೆಂಬ್ರೇನ್ ಬಾಗಿಲು ಪೂರ್ತಿ ಹಳದಿಯಾಗಿದ್ದರೆ ಇಡೀ ಕಿಚನ್ ಒಡೆಸಬೇಕಿಲ್ಲ. ಒಳಗಿನ ಡಬ್ಬ ಗಟ್ಟಿ ಇದ್ದರೆ ಬಾಗಿಲುಗಳನ್ನು ಮಾತ್ರ ಬದಲಾಯಿಸಬಹುದು.

ಬಣ್ಣ ತರಲು ಹೋಗುವಾಗ ಬರೀ "ಬಿಳಿ ಕೊಡಿ" ಅಂತ ಕೇಳಬೇಡಿ. ಅಂಗಡಿಯ ಶೇಡ್ ಕಾರ್ಡ್‌ನಲ್ಲಿ ಬಿಳಿಯಲ್ಲೇ ಹತ್ತಾರು ಬಿಳಿ ಇರುತ್ತವೆ, ಕೆಲವಕ್ಕೆ ನೀಲಿ ಛಾಯೆ, ಕೆಲವಕ್ಕೆ ಕೆನೆ ಛಾಯೆ. ಒಂದು ಡ್ರಾಯರ್ ಕಿತ್ತು ಚೀಲದಲ್ಲಿ ಹಾಕಿಕೊಂಡು ಹೋಗಿ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಒಪ್ಪಿಕೊಳ್ಳದೆ, ಶೇಡ್ ಕಾರ್ಡನ್ನೂ ಡ್ರಾಯರನ್ನೂ ಹೊರಗೆ ಫುಟ್‌ಪಾತ್ ಮೇಲೆ ತಂದು ಹಗಲ ಬೆಳಕಲ್ಲಿ ಪಕ್ಕಪಕ್ಕ ಹಿಡಿದು ನೋಡಿ. ಮಾರನೇ ದಿನ ಬಳಿಯುವ ಮುಂಚೆ ಬಾಗಿಲಿನ ಒಳಬದಿಯಲ್ಲಿ ಒಂದು ಬೆರಳಗಲ ಬಳಿದು, ಪೂರ್ತಿ ಆರಿದ ಮೇಲೆ ಮತ್ತೊಮ್ಮೆ ಹೋಲಿಸಿ. ಇನಾಮಲ್ ಒದ್ದೆ ಇದ್ದಾಗ ಒಂದು ತರ, ಆರಿದ ಮೇಲೆ ಇನ್ನೊಂದು ತರ ಕಾಣುತ್ತದೆ.